ಸಾಹ್ಲಿ 10.4, ಡಿಜಿಟಲ್ ಮೀಟರ್ 11.3, ಲ್ಯಾಬ್ 12.2: ಯಾವ ಎಚ್‌ಬಿ ನಂಬೋದು?

ಪ್ರಶ್ನೆ
ಹದಿಹರೆಯದ ಹುಡುಗಿಯರ ರಕ್ತಹೀನತೆ ತಪಾಸಣೆ ನಡೀತಿದೆ. ಒಬ್ಬಳದೇ ಎಚ್‌ಬಿ (ಹಿಮೋಗ್ಲೋಬಿನ್, ಗ್ರಾಂ/ಡೆಸಿಲೀಟರ್) ಒಂದೇ ದಿನ ಮೂರು ಥರ ಬಂದಿದೆ. ಸಾಹ್ಲಿಗೂ (ಕಣ್ಣಲ್ಲೇ ಬಣ್ಣ ಹೋಲಿಸೋ ಹಳೇ ವಿಧಾನ) ಮೀಟರಿಗೂ ಬೆರಳಿನ ರಕ್ತ, ಲ್ಯಾಬಿಗೆ ಕೈನರದ್ದು. 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಅಂತ ಬರೆಯಬೇಕು. ಇವಳನ್ನು ಯಾವ ಪಟ್ಟಿಗೆ ಸೇರಿಸಲಿ? ಮೀಟರ್ ಕೆಟ್ಟಿದೆಯಾ?

ಉತ್ತರ 1
ಮೀಟರನ್ನು ಬೈಯೋ ಮೊದಲು ಹನಿ ಹೇಗೆ ತೆಗೆದಿರಿ ನೋಡಿ. ತಣ್ಣಗಿರೋ ಬೆರಳನ್ನು ಹಿಂಡಿದರೆ ಅಂಗಾಂಶದ ದ್ರವ ಬೆರೆತು ರಕ್ತ ತೆಳುವಾಗುತ್ತೆ, ಅಂಕಿ ಇಳಿಯುತ್ತೆ. ಸ್ಪಿರಿಟ್ ಆರೋ ಮುಂಚೆ ಚುಚ್ಚಿದರೂ ಅದೇ ಕಥೆ. ಮೊದಲ ಎರಡು ಹನಿ ಒರೆಸಿಬಿಡಿ. ಮೂರನೆಯದು ತಾನಾಗೇ ದಪ್ಪಗೆ ಬಂದ ಮೇಲೆ ಕ್ಯುವೆಟ್ (ರಕ್ತ ತುಂಬಿ ಮೀಟರಿಗೆ ಹಾಕೋ ಪುಟ್ಟ ಪ್ಲಾಸ್ಟಿಕ್ ತುಂಡು) ಮುಟ್ಟಿಸಿ, ಒಂದೇ ಸಲಕ್ಕೆ ತುಂಬಬೇಕು. ಗುಳ್ಳೆ ಕಂಡರೆ ಬಿಸಾಡಿ. ಇನ್ನೊಂದು ಹನಿ ಸೇರಿಸಿ ಸರಿಮಾಡೋ ಜಿಪುಣತನ ಬೇಡ. ನಿಮ್ಮ ಮೀಟರ್ ಹಿಮೋಕ್ಯೂ 201+ ಆದರೆ ಕ್ಯುವೆಟ್ ಡಬ್ಬಿಯ ಮುಚ್ಚಳ ಸದಾ ಬಿಗಿಯಾಗಿರಲಿ, ಒಳಗಿನ ರಾಸಾಯನಿಕಕ್ಕೆ ತೇವ ಆಗಿಬರಲ್ಲ.

ಪ್ರಶ್ನೆ ಕೇಳಿದವರು
ಹಾಗೇ ಮಾಡಿದ್ವಿ, ಮೀಟರ್ 11.9ಕ್ಕೆ ಬಂತು. ಸಾಹ್ಲಿ ಮಾತ್ರ ಮೇಲೇಳ್ತಿಲ್ಲ.

ಉತ್ತರ 2
ಸಾಹ್ಲಿಯಲ್ಲಿ ನೋಡುವವರ ಕಣ್ಣೇ ಮೀಟರು. 20 ಮೈಕ್ರೋಲೀಟರ್ ರಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಸಿಡ್ ಹೆಮಟಿನ್ ಆಗಿ ಕಂದು ಬಣ್ಣ ಕಟ್ಟೋಕೆ ಸುಮಾರು 10 ನಿಮಿಷ ಬೇಕು, ಆಮೇಲೆ ಹೋಲಿಕೆಯ ಗಾಜಿನ ಬಣ್ಣಕ್ಕೆ ಹೊಂದೋವರೆಗೆ ನೀರು ಬೆರೆಸಬೇಕು. ಹುಡುಗಿಯರು ಸಾಲುಗಟ್ಟಿ ನಿಂತಿರುವಾಗ ಅಷ್ಟು ಯಾರು ಕಾಯ್ತಾರೆ? ಬಣ್ಣ ಪೂರ್ತಿ ಕಟ್ಟದೆ ನೀರು ಬೆರೆಸಿದರೆ ಬೇಗ ಹೊಂದಿಕೆಯಾಗಿ ಅಂಕಿ ಕಡಿಮೆ ಬರುತ್ತೆ. ಹೋಲಿಕೆಯ ಗಾಜು ಮಾಸಿದ್ದರೆ ಉಲ್ಟಾ, ಹೆಚ್ಚು ತೋರಿಸುತ್ತೆ. 12ರ ಗೆರೆ ಪಕ್ಕದವರನ್ನು ಇದರಲ್ಲಿ ತೀರ್ಮಾನಿಸೋದು ನನಗಂತೂ ಒಪ್ಪಿಗೆಯಿಲ್ಲ. ರಕ್ತದ ಹನಿಯ ಬಣ್ಣ ಹೋಲಿಸೋ ಕಾಗದದ ಬಣ್ಣದ ಪಟ್ಟಿಯೂ ಅಷ್ಟೇ, ಅದರಲ್ಲಿ 10 ಆದ ಮೇಲೆ ನೇರ 12.

ಹೋಲಿಸಲೇಬೇಕು ಅಂದರೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ರಾಸಾಯನಿಕ) ಟ್ಯೂಬಿನ ಒಂದೇ ಕೈನರದ ರಕ್ತವನ್ನು ಮೆಲ್ಲಗೆ ತಿರುಗಿಸಿ ಕಲಸಿ, ಮೂರಕ್ಕೂ ಅದನ್ನೇ ಹಾಕಿ. ಆಗಷ್ಟೇ ವಿಧಾನದ ದೋಷ, ಹನಿಯ ದೋಷ ಬೇರೆಬೇರೆ ಕಾಣೋದು. ಸರಾಸರಿ ನೋಡಿ ಸಮಾಧಾನಪಡಬೇಡಿ. ಒಬ್ಬಳಿಗೆ 1 ಹೆಚ್ಚು, ಇನ್ನೊಬ್ಬಳಿಗೆ 1 ಕಡಿಮೆ ಬಂದರೂ ಸರಾಸರಿ ಸರಿಯಾಗೇ ಇರುತ್ತೆ. ವಿಧಾನ ಬದಲಾದಾಗ ಎಷ್ಟು ಜನ 12ರ ಗೆರೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಬಿಟ್ಟರು ಅಂತ ಎಣಿಸಿ.

ಈ ಹುಡುಗಿಗೆ, ಲ್ಯಾಬಿನ ಯಂತ್ರದ ಆ ದಿನದ ಕಂಟ್ರೋಲ್ (ಅಂಕಿ ಮೊದಲೇ ಗೊತ್ತಿರೋ ಮಾದರಿಯ ಪರೀಕ್ಷೆ) ಸರಿಯಿದ್ದು ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿರದಿದ್ದರೆ 12.2 ಅಂತಲೇ ಬರೆಯಿರಿ. ಆದರೆ ಎಚ್‌ಬಿ ಇಳಿಯೋ ಮುಂಚೆಯೇ ಕಬ್ಬಿಣದ ಸಂಗ್ರಹ ಖಾಲಿಯಾಗಿರಬಹುದು. ಸುಸ್ತು, ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ ಇದ್ದರೆ ಫೆರಿಟಿನ್ (ಕಬ್ಬಿಣದ ಸಂಗ್ರಹ ತೋರಿಸೋ ರಕ್ತಪರೀಕ್ಷೆ) ಮಾಡಿಸೋದಕ್ಕೆ ವೈದ್ಯರ ಹತ್ತಿರ ಕಳಿಸಿ.