ಅಂಡಾಶಯದ ಕ್ಯಾನ್ಸರ್: ಆಪರೇಷನ್‌ಗೆ ಮೊದಲೇ ಕೀಮೋ ಏಕೆ?

ಪ್ರಶ್ನೆ – ಸೋಮವಾರಪೇಟೆ
ನನ್ನ ತಾಯಿಯವರಿಗೆ 58 ವರ್ಷ. ತಿಂಗಳುಗಟ್ಟಲೆ ಹೊಟ್ಟೆ ಉಬ್ಬರಿಸುತ್ತಿತ್ತು, ಎರಡು ತುತ್ತಿಗೇ ಸಾಕೆನಿಸುತ್ತಿತ್ತು. ಗ್ಯಾಸ್ಟ್ರಿಕ್ ಇರಬಹುದೆಂದು ಮಾತ್ರೆ ನುಂಗುತ್ತಿದ್ದರು. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗೆ ನೀರು ಕಂಡಿತು, ಮೈಸೂರಿನಲ್ಲಿ ಬಯಾಪ್ಸಿ ಮಾಡಿಸಿದಾಗ ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ ಎಂದರು. ಮೂರು ಸುತ್ತು ಕೀಮೋ ಆದ ಮೇಲೆಯೇ ಆಪರೇಷನ್ ಅಂತೆ. ‘ಕೈಮೀರಿದೆ, ಅದಕ್ಕೇ ಆಪರೇಷನ್ ಮುಂದೂಡುತ್ತಿದ್ದಾರೆ’ ಎಂದು ನೆಂಟರೊಬ್ಬರು ಅಮ್ಮನ ಎದುರಿಗೇ ಆಡಿಬಿಟ್ಟರು. ಇದು ನಿಜವೇ? ಈ ಮಳೆಯಲ್ಲಿ ಮೈಸೂರಿಗೆ ಹೋಗಿಬರುವುದನ್ನು ಹೇಗೆ ನಿಭಾಯಿಸಬೇಕು?

ಉತ್ತರ – ವಿರಾಜಪೇಟೆ
ನಿಜವಲ್ಲ, ತಂಗಿ. ನನಗೂ ಇದೇ ಕ್ರಮದಲ್ಲಿ ಚಿಕಿತ್ಸೆಯಾಯಿತು. ರೋಗ ಹೊಟ್ಟೆಯ ಒಳಪದರಕ್ಕೆಲ್ಲ ಹರಡಿ ನೀರು ತುಂಬಿರುವಾಗ ಒಂದೇ ಸಲಕ್ಕೆ ಪೂರ್ತಿ ತೆಗೆಯುವುದು ಕಷ್ಟ. ಕೀಮೋದಿಂದ ಗಡ್ಡೆಗಳನ್ನು ಕುಗ್ಗಿಸಿ, ಕಣ್ಣಿಗೆ ಕಾಣುವಷ್ಟನ್ನೂ ತೆಗೆದು, ಆಮೇಲೆ ಉಳಿದ ಸುತ್ತುಗಳನ್ನು ಕೊಡುತ್ತಾರೆ. ಸಾಮಾನ್ಯವಾಗಿ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಔಷಧಗಳನ್ನು 21 ದಿನಕ್ಕೊಮ್ಮೆ ಹಾಕುತ್ತಾರೆ. ಕೀಮೋ ಫಲಿಸುತ್ತಿದೆಯೇ ಎಂದು ತಿಳಿಯಲು ನೋಡುವ ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ ಇಳಿಯುತ್ತಿದೆಯೇ ಎಂದು ಪ್ರತಿ ಸಲ ವೈದ್ಯರನ್ನು ಕೇಳಿ. ಅಮ್ಮನಿಗೆ ನೆಂಟರ ಮಾತಿಗಿಂತ ಆ ಉತ್ತರ ಉಪಯೋಗಕ್ಕೆ ಬರುತ್ತದೆ. ಕೂದಲು ಉದುರುವುದಕ್ಕೆ ನಾನು ಸಿದ್ಧಳಾಗಿದ್ದೆ, ಆದರೆ ಪಾದಗಳು ಜೋಮು ಹಿಡಿಯುತ್ತವೆಂದು ಯಾರೂ ಹೇಳಿರಲಿಲ್ಲ. ಹಾಗಾದರೆ ಜಿಗಣೆ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಪ್ಲೇಟ್‌ಲೆಟ್ ಇಳಿದಿದ್ದರಂತೂ ರಕ್ತ ಬೇಗ ನಿಲ್ಲುವುದಿಲ್ಲ, ಆದ್ದರಿಂದ ಮಳೆ ಮುಗಿಯುವವರೆಗೆ ಅವರನ್ನು ಕಾಫಿ ತೋಟಕ್ಕೆ ಇಳಿಯಲು ಬಿಡಬೇಡಿ.

ಉತ್ತರ – ಮಡಿಕೇರಿ
ನಾನು ಶುಶ್ರೂಷಕಿಯಾಗಿದ್ದವಳು. ಕೀಮೋ ಆದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ಬಹಳ ಇಳಿದಿರುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯದೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಮರ ಬಿದ್ದು ರಸ್ತೆ ಮುಚ್ಚುವ ಕಾಲವಿದು. ಆ ದಿನಗಳಲ್ಲಿ ಕುಶಾಲನಗರದಲ್ಲೋ ಮೈಸೂರಿನಲ್ಲೋ ಬಂಧುಗಳ ಮನೆಯಲ್ಲಿ ಉಳಿಸುವುದು ಒಳ್ಳೆಯದು. ಕೀಮೋಗೆ ಮುಂಚಿನ ರಕ್ತಪರೀಕ್ಷೆಯನ್ನು ಊರಿನ ಹತ್ತಿರವೇ ಮಾಡಿಸಿ ವರದಿಯನ್ನು ಕಳುಹಿಸಬಹುದೇ ಎಂದೂ ಕೇಳಿ. ಕಣಗಳು ಕಡಿಮೆಯಿದ್ದರೆ ಕೀಮೋ ಮುಂದೂಡುತ್ತಾರೆ. ಅದು ಅಲ್ಲಿಗೆ ಹೋದ ಮೇಲೆ ತಿಳಿದರೆ ಪ್ರಯಾಣವೆಲ್ಲ ದಂಡ.

ಉತ್ತರ – ಗೋಣಿಕೊಪ್ಪ
ಬಿಆರ್‌ಸಿಎ ಎಂಬ ವಂಶವಾಹಿಯಲ್ಲಿ ಕ್ಯಾನ್ಸರ್ ಅಪಾಯ ಹೆಚ್ಚಿಸುವ ದೋಷವಿದೆಯೇ ಎಂದು ನೋಡುವ ಪರೀಕ್ಷೆಯ ಬಗ್ಗೆಯೂ ವಿಚಾರಿಸಿ. ಆ ದೋಷವಿದ್ದರೆ ಕೀಮೋ ನಂತರ ರೋಗ ಬೇಗ ಮರುಕಳಿಸದಿರಲೆಂದು ಒಲಾಪರಿಬ್‌ನಂಥ ಮಾತ್ರೆಯನ್ನು ಸೂಚಿಸಬಹುದು. ಆ ದೋಷ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ ಇರುವುದರಿಂದ ನೀವೂ, ನಿಮ್ಮ ಅಣ್ಣತಮ್ಮಂದಿರೂ ತಿಳಿದುಕೊಳ್ಳಬೇಕಾಗುತ್ತದೆ. ಆಯುಷ್ಮಾನ್ ಕಾರ್ಡ್ ಇದ್ದರೆ ಮುಂದಿನ ಸುತ್ತಿಗೆ ದಾಖಲಾಗುವ ಮುನ್ನವೇ ತೋರಿಸಿ.