ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಓಡುತ್ತದೆ: ತಲೆ ಕೆಟ್ಟುಹೋಗಿದೆ

ಸಂಜೆಸವಾರ | ಭಾನುವಾರ, ರಾತ್ರಿ 8:50
ಈ ತಿಂಗಳಲ್ಲಿ ಮೂರನೆಯ ಸಲ ಬೈಕನ್ನು ತಳ್ಳಿಕೊಂಡು ಮನೆ ಸೇರಿದ್ದೇನೆ. ಕೈ ಇನ್ನೂ ನಡುಗುತ್ತಿದೆ, ಕಾಗುಣಿತ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನದೇನೂ ದೂರದ ಸವಾರಿಯಲ್ಲ. ಕೆಲಸ ಮುಗಿದ ಮೇಲೆ ಊರಿನ ಹೊರಗೆ ಒಂದು ಸುತ್ತು, ಒಟ್ಟು 22 ಕಿಲೋಮೀಟರ್. ಅಷ್ಟನ್ನೂ ಈ ಗಾಡಿ ಮುಗಿಸಿಕೊಡುತ್ತಿಲ್ಲ. ಮೊದಲ ಕಿಕ್ಕಿಗೇ ಸ್ಟಾರ್ಟ್ ಆಗುತ್ತದೆ, ಹದಿನೈದು ಇಪ್ಪತ್ತು ನಿಮಿಷ ಬೆಣ್ಣೆಯಂತೆ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಎಷ್ಟು ಕಿಕ್ ಹೊಡೆದರೂ ಜೀವವಿಲ್ಲ. ಮರದ ಕೆಳಗೆ ಕಾಲು ಗಂಟೆ ಕುಳಿತು ಎದ್ದರೆ ಏನೂ ಆಗಿಯೇ ಇಲ್ಲ ಎನ್ನುವಂತೆ ಹೊರಡುತ್ತದೆ. ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು, ಕಾರ್ಬುರೇಟರ್ ತೊಳೆಸಿದ್ದೇನೆ. ಇನ್ನೇನು ಉಳಿದಿದೆ?

ಹಳೆಯ ಪಿಸ್ಟನ್ | ಭಾನುವಾರ, ರಾತ್ರಿ 9:05
ಟ್ಯಾಂಕಿನ ಮುಚ್ಚಳ. ಕಣ್ಣು ಮುಚ್ಚಿ ಹೇಳುತ್ತೇನೆ. ಮುಚ್ಚಳದಲ್ಲಿ ಗಾಳಿಗೆಂದು ಒಂದು ಸೂಕ್ಷ್ಮ ರಂಧ್ರ ಇರುತ್ತದೆ. ಅದು ಕಟ್ಟಿಕೊಂಡರೆ ಪೆಟ್ರೋಲ್ ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಕೊನೆಗೆ ಒಂದು ಹನಿಯೂ ಕೆಳಗೆ ಬರುವುದಿಲ್ಲ. ನೀವು ಕುಳಿತಿದ್ದಾಗ ನಿಧಾನವಾಗಿ ಗಾಳಿ ಒಳಹೊಕ್ಕು ಎಲ್ಲ ಸರಿಯಾಗುತ್ತದೆ. ಮುಂದಿನ ಸಲ ನಿಂತ ಕೂಡಲೇ ಮುಚ್ಚಳ ತೆರೆಯಿರಿ. 'ಉಸ್' ಎಂದು ಸದ್ದು ಬಂದರೆ ನನಗೊಂದು ನಮಸ್ಕಾರ ಹೇಳಿ.

ಕಿಡಿ | ಭಾನುವಾರ, ರಾತ್ರಿ 9:20
ಯಾವ ಬೈಕ್, ಎಷ್ಟು ಹಳೆಯದು? ಅದಕ್ಕಿಂತ ಮುಖ್ಯ, ನಿಲ್ಲುವಾಗ ಹೇಗೆ ನಿಲ್ಲುತ್ತದೆ? ಕೆಮ್ಮಿ, ಮುಗ್ಗರಿಸಿ, ಥ್ರಾಟಲ್‌ಗೆ ಸೋತು ನಿಲ್ಲುತ್ತದೆಯೋ, ಯಾರೋ ಕೀಲಿ ತಿರುಗಿಸಿದಂತೆ ಒಮ್ಮೆಲೇ ಸಾಯುತ್ತದೆಯೋ? ಮೊದಲನೆಯದಾದರೆ ಸಾಮಾನ್ಯವಾಗಿ ಪೆಟ್ರೋಲಿನ ಕಡೆ, ಎರಡನೆಯದಾದರೆ ಕಿಡಿಯ ಕಡೆ ಹುಡುಕಬೇಕು.

ಸಂಜೆಸವಾರ | ಭಾನುವಾರ, ರಾತ್ರಿ 9:31
ನಿಲ್ಲುತ್ತದೆ ಎಂದರೆ ನಿಲ್ಲುತ್ತದೆ. ನಿಲ್ಲುವುದರಲ್ಲಿ ಎಷ್ಟು ಬಗೆ? 150 ಸಿಸಿ, ಗಾಳಿಯಿಂದ ತಣಿಯುವ ಎಂಜಿನ್, ಕಾರ್ಬುರೇಟರ್. ಹನ್ನೊಂದು ವರ್ಷದ್ದು. ನಾಳೆ ಮುಚ್ಚಳ ತೆರೆದು ನೋಡುತ್ತೇನೆ.

ಎಣ್ಣೆಡಬ್ಬಿ | ಭಾನುವಾರ, ರಾತ್ರಿ 10:12
ಯಾವ ಎಣ್ಣೆ ಹಾಕಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ಹನ್ನೊಂದು ವರ್ಷದ ಎಂಜಿನ್‌ಗೆ 10ಡಬ್ಲ್ಯೂ-30ರಂಥ ತೆಳು ಎಣ್ಣೆ ಹಾಕಿದ್ದರೆ ಬಿಸಿಯಾದ ಮೇಲೆ ಅದು ನೀರಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಾನು ದಪ್ಪನೆಯ 20ಡಬ್ಲ್ಯೂ-50 ಬಿಟ್ಟು ಬೇರೆ ಮುಟ್ಟುವುದಿಲ್ಲ.

ಕಾಲುಗೇರ್ | ಭಾನುವಾರ, ರಾತ್ರಿ 10:30
ಪಿಸ್ಟನ್ ಹಿಡಿದುಕೊಂಡಿದ್ದರೆ ಕಿಕ್ಕರ್ ಕೆಳಗಿಳಿಯುತ್ತಿರಲಿಲ್ಲ ಸ್ವಾಮಿ. ಅವರು ಕಿಕ್ ಹೊಡೆದು ಹೊಡೆದು ಸುಸ್ತಾಗಿದ್ದಾರೆ. ತಯಾರಕರು ಕೈಪಿಡಿಯಲ್ಲಿ ಬರೆದ ದರ್ಜೆಯ ಎಣ್ಣೆ ಹಾಕಿದರೆ ಸಾಕು. ಕ್ಲಚ್ ಎಣ್ಣೆಯಲ್ಲೇ ಮುಳುಗಿರುವ ಬೈಕ್‌ಗೆ ಡಬ್ಬಿಯ ಮೇಲೆ ಜಾಸೋ ಎಂಎ (ಕ್ಲಚ್ ಜಾರಿಸದ ಎಣ್ಣೆಯ ಗುರುತು) ಎಂದಿರಬೇಕು, ಅಷ್ಟೆ.

ಎಣ್ಣೆಡಬ್ಬಿ | ಭಾನುವಾರ, ರಾತ್ರಿ 10:34
ಕೈಪಿಡಿ ಬರೆದವರು ನಮ್ಮ ಬಿಸಿಲಿನಲ್ಲಿ ಓಡಿಸುತ್ತಾರೆಯೇ?

(ಇದಾದ ಮೇಲೆ ಇವರಿಬ್ಬರ ನಡುವೆ ಒಂಬತ್ತು ಉತ್ತರಗಳು ನಡೆದಿವೆ. ಎಣ್ಣೆಯ ವಿಷಯ ಬೇಕಾದವರಿಗೆ ಅದನ್ನು ಬೇರೆ ಎಳೆಯಾಗಿ ಮಾಡಿದ್ದೇನೆ. ಇಲ್ಲಿ ಬೈಕ್ ನಿಲ್ಲುವುದರ ಮಾತು ಮಾತ್ರ. ನಿರ್ವಾಹಕ)

ಸಂಜೆಸವಾರ | ಸೋಮವಾರ, ರಾತ್ರಿ 8:15
ಹಳೆಯ ಪಿಸ್ಟನ್ ಅವರೇ, ನಮಸ್ಕಾರ! ಇಂದು ಅದೇ ತಿರುವಿನಲ್ಲಿ ನಿಂತಿತು. ಮುಚ್ಚಳ ತೆರೆದೆ, ಆಮೇಲೆ ಎರಡು ಫೋನ್ ಕರೆ ಮುಗಿಸಿ ಕಿಕ್ ಹೊಡೆದೆ, ಸ್ಟಾರ್ಟ್ ಆಯಿತು. 'ಉಸ್' ಸದ್ದು ಬಂದಿತೋ ಇಲ್ಲವೋ, ಪಕ್ಕದಲ್ಲಿ ಲಾರಿ ಹೋಗುತ್ತಿತ್ತು, ಕೇಳಿಸಲಿಲ್ಲ. ರಂಧ್ರವನ್ನು ಸೂಜಿಯಿಂದ ಚುಚ್ಚಿ ಸ್ವಚ್ಛ ಮಾಡಿದ್ದೇನೆ.

ಹಳೆಯ ಪಿಸ್ಟನ್ | ಸೋಮವಾರ, ರಾತ್ರಿ 8:22
ಮೂವತ್ತು ವರ್ಷದ ಅನುಭವ ಸುಮ್ಮನೆ ಬರುವುದಿಲ್ಲ.

ಕಿಡಿ | ಸೋಮವಾರ, ರಾತ್ರಿ 8:40
ಎರಡು ಫೋನ್ ಕರೆ ಎಂದರೆ ಎಷ್ಟು ಹೊತ್ತು? ಕಾಲು ಗಂಟೆಯಾಗಿದ್ದರೆ ಮುಚ್ಚಳ ತೆರೆಯದಿದ್ದರೂ ಸ್ಟಾರ್ಟ್ ಆಗುತ್ತಿತ್ತು, ಮೊದಲ ದಿನ ನೀವೇ ಬರೆದಿದ್ದೀರಿ. ದಯವಿಟ್ಟು ಈ ಎರಡು ಕೆಲಸ ಮಾಡಿ. (ಅ) ನಿಂತ ಕೂಡಲೇ, ತಣಿಯಲು ಬಿಡದೆ, ಪ್ಲಗ್ ಕಳಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಹೆಡ್‌ಗೆ ತಾಗಿಸಿ ಕಿಕ್ ಹೊಡೆಯಿರಿ, ನೀಲಿ ಕಿಡಿ ಕಾಣುತ್ತದೆಯೇ ನೋಡಿ. ಪ್ಲಗ್ ಕಳಚಿದ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. (ಆ) ಎಂಜಿನ್ ತಣಿದ ಮೇಲೆ, ಕೀಲಿ ಮುಚ್ಚಿ, ಕಾರ್ಬುರೇಟರ್ ಬಟ್ಟಲಿನ ಡ್ರೇನ್ ಸ್ಕ್ರೂ ಸಡಿಲಿಸಿ ಕೆಳಗೊಂದು ಶೀಶೆ ಹಿಡಿಯಿರಿ, ಪೆಟ್ರೋಲ್ ಇಳಿಯುತ್ತದೆಯೇ ನೋಡಿ. ಇಷ್ಟರಲ್ಲೇ ಅರ್ಧ ಬೈಕ್ ಅನುಮಾನದ ಪಟ್ಟಿಯಿಂದ ಹೊರಬೀಳುತ್ತದೆ.

ಮೂರು ದೀಪ | ಸೋಮವಾರ, ರಾತ್ರಿ 9:10
ಇಂಥ ತಾಪತ್ರಯಕ್ಕೇ ನಾನು ಹ್ಯಾಂಡಲ್ ಮೇಲೆ ಸಿಲಿಂಡರ್ ಹೆಡ್‌ನ ಉಷ್ಣತಾ ಮಾಪಕ ಕೂರಿಸಿದ್ದೇನೆ. ಪಕ್ಕದಲ್ಲಿ ವೋಲ್ಟ್ ಮೀಟರ್, ಓಡುವಾಗ 14.2 ತೋರಿಸುತ್ತದೆ. ಕೆಳಗೆ ಎರಡು ಮಂಜಿನ ದೀಪ, ರಿಲೇ ಹಾಕಿ, ಪ್ರತ್ಯೇಕ ಫ್ಯೂಸ್ ಹಾಕಿ, ನಾನೇ ವೈರಿಂಗ್ ಮಾಡಿದ್ದು. ಸೀಟಿನ ಕೆಳಗೆ ಪಂಕ್ಚರ್ ಕಿಟ್, ಸಣ್ಣ ಪಂಪ್, ಹೆಚ್ಚುವರಿ ಕ್ಲಚ್ ಕೇಬಲ್. ಚಿತ್ರ ಬೇಕಿದ್ದರೆ ಹಾಕುತ್ತೇನೆ.

ಕಾಲುಗೇರ್ | ಸೋಮವಾರ, ರಾತ್ರಿ 9:18
ಮಂಜೇ ಇಲ್ಲದ ಊರಿನಲ್ಲಿ ಮಂಜಿನ ದೀಪ ಹಾಕಿ ಎದುರಿನವರ ಕಣ್ಣು ಕುಕ್ಕುವವರು ನೀವೇ ಎಂದಾಯಿತು. ಚಿತ್ರ ಬೇಡ.

ಸಂಜೆಸವಾರ | ಬುಧವಾರ, ರಾತ್ರಿ 8:02
ಮತ್ತೆ ನಿಂತಿತು. ಈ ಸಲ ಮುಚ್ಚಳವನ್ನು ಬೀಗ ಹಾಕದೆ ಸಡಿಲವಾಗಿಟ್ಟುಕೊಂಡೇ ಹೋಗಿದ್ದೆ. ತೊಡೆಯ ಮೇಲೆಲ್ಲ ಪೆಟ್ರೋಲ್.

ಹಳೆಯ ಪಿಸ್ಟನ್ | ಬುಧವಾರ, ರಾತ್ರಿ 8:09
ಹಾಗಾದರೆ ಟ್ಯಾಂಕಿನೊಳಗಿನ ಜಾಲರಿ. ಇಲ್ಲವೇ ತಳದಲ್ಲಿ ನೀರು. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ಎರಡೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ಮುಚ್ಚಳವನ್ನೂ ಹೊಸದು ಹಾಕಿ, ಸೂಜಿ ಚುಚ್ಚಿದರೆ ಒಳಗಿನ ಕವಾಟ ಸರಿಹೋಗುವುದಿಲ್ಲ.

ಕಿಡಿ | ಬುಧವಾರ, ರಾತ್ರಿ 8:15
ಮುಚ್ಚಳ ಸಡಿಲವಿದ್ದೂ ನಿಂತಿತು. ಇನ್ನೂ ಮುಚ್ಚಳವೇ? ಮತ್ತು ತಳದ ನೀರು ಕಾಲು ಗಂಟೆ ಮರದ ನೆರಳಲ್ಲಿ ಕುಳಿತರೆ ಪೆಟ್ರೋಲ್ ಆಗುತ್ತದೆಯೇ? ಸಂಜೆಸವಾರರೇ, ಕಿಡಿ ನೋಡಿದಿರಾ?

ಸಂಜೆಸವಾರ | ಬುಧವಾರ, ರಾತ್ರಿ 8:21
ಕತ್ತಲಾಗಿತ್ತು, ಸ್ಪ್ಯಾನರ್ ಮನೆಯಲ್ಲಿತ್ತು.

ಕಿಡಿ | ಬುಧವಾರ, ರಾತ್ರಿ 8:22
ಕತ್ತಲಲ್ಲಿ ಕಿಡಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಊರಾಚೆ | ಬುಧವಾರ, ರಾತ್ರಿ 9:00
22 ಕಿಲೋಮೀಟರ್ ಸವಾರಿಯೇ ಅಲ್ಲ, ಅದು ಎಂಜಿನ್‌ಗೆ ಮಾಡುವ ದ್ರೋಹ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾಯುವ ಮೊದಲೇ ಆರಿಸಿದರೆ ಅದರಲ್ಲಿ ಸ್ವಲ್ಪ ಸೈಲೆನ್ಸರ್‌ನಲ್ಲಿ ಉಳಿದು ತುಕ್ಕು ಹಿಡಿಸುತ್ತದೆ, ಸ್ವಲ್ಪ ಎಣ್ಣೆ ಸೇರಿ ಎಣ್ಣೆ ತುಂಬುವ ಮುಚ್ಚಳದ ಕೆಳಗೆ ಮಜ್ಜಿಗೆಯಂಥ ನೊರೆ ಕಟ್ಟುತ್ತದೆ.

ಕಾಲುಗೇರ್ | ಬುಧವಾರ, ರಾತ್ರಿ 9:25
ಮೂರು ಕಿಲೋಮೀಟರ್ ಓಡಿಸಿ ಆರಿಸುವವರಿಗೆ ಈ ಮಾತು ಸರಿ. ಅರ್ಧ ಗಂಟೆ ಓಡಿಸಿದರೆ ಎಣ್ಣೆಯಲ್ಲಿನ ನೀರು ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ. ನನ್ನ ಸಂಜೆಯ ಸುತ್ತು 14 ಕಿಲೋಮೀಟರ್, ಅದರಲ್ಲಿ ಒಂಬತ್ತು ತಿರುವು. ಅಷ್ಟಕ್ಕೇ ದಿನದ ಬೇಸರ ಇಳಿಯುತ್ತದೆ. ದೂರ ಹೋಗಿ ಬಂದವರಿಗೆಲ್ಲ ಬೈಕ್ ಓಡಿಸಲು ಬರುತ್ತದೆ ಎಂದೇನಿಲ್ಲ. ಕಳೆದ ವರ್ಷ ನಾನೂ ಹೀಗೆ ಎರಡು ಕಿಲೋಮೀಟರ್ ತಳ್ಳಿಕೊಂಡು ಬಂದು, ಬೆವರೊರೆಸಿಕೊಂಡು ನೋಡಿದರೆ ಪೆಟ್ರೋಲ್ ಕಾಕ್ ಮುಚ್ಚಿತ್ತು. ಬಟ್ಟಲಿನಲ್ಲಿದ್ದಷ್ಟು ಓಡಿ ನಿಂತಿತ್ತು. ಈ ಮಾತನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಸಂಜೆಸವಾರ | ಶನಿವಾರ, ಮಧ್ಯಾಹ್ನ 1:10
ಟ್ಯಾಂಕ್ ಖಾಲಿ ಮಾಡಿಸಿದೆ, ಜಾಲರಿ ಬದಲಿಸಿದೆ, ಹೊಸ ಮುಚ್ಚಳ ಹಾಕಿದೆ. ಈಗ ನನ್ನ ಜೇಬಿನಲ್ಲಿ ಎರಡು ಕೀಲಿ, ಒಂದು ಬೈಕ್‌ಗೆ, ಇನ್ನೊಂದು ಮುಚ್ಚಳಕ್ಕೆ. ಬೆಳಿಗ್ಗೆ ಐದೂವರೆಗೆ ಚಳಿಯಲ್ಲಿ ಹೊರಟೆ, ಪೂರ್ತಿ ಸುತ್ತು ಮುಗಿಸಿ ಬಂದೆ, ನಿಲ್ಲಲೇ ಇಲ್ಲ! ಖುಷಿಯಿಂದ ಹನ್ನೊಂದು ಗಂಟೆಗೆ ಇನ್ನೊಮ್ಮೆ ಹೊರಟರೆ ಒಂಬತ್ತನೆಯ ಕಿಲೋಮೀಟರ್‌ನಲ್ಲೇ ನಿಂತಿತು. ಇಳಿಜಾರಿನಲ್ಲಿ ಗೇರ್‌ನಲ್ಲಿದ್ದೆ, ಬೈಕ್ ಉರುಳುತ್ತಲೇ ಇತ್ತು, ಆರ್‌ಪಿಎಂ ಮುಳ್ಳು ಮಾತ್ರ ಸೊನ್ನೆಗೆ ಬಿದ್ದಿತು. ಇನ್ನು ಮಾರಿಬಿಡುತ್ತೇನೆ.

ಕಿಡಿ | ಶನಿವಾರ, ಮಧ್ಯಾಹ್ನ 1:24
ಮಾರಬೇಡಿ! ಆರು ದಿನಗಳಲ್ಲಿ ನೀವು ಕೊಟ್ಟ ಮೊದಲ ನಿಜವಾದ ಸುಳಿವು ಇದು. ಚಳಿಯಲ್ಲಿ ಹೆಚ್ಚು ದೂರ, ಬಿಸಿಲಿನಲ್ಲಿ ಕಡಿಮೆ ದೂರ. ಅಂದರೆ ಲೆಕ್ಕ ಕಿಲೋಮೀಟರ್‌ನದಲ್ಲ, ಶಾಖದ್ದು. ಇನ್ನು ಆ ಮುಳ್ಳು. ಗೇರ್‌ನಲ್ಲಿ ಉರುಳುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಬರೀ ಪೆಟ್ರೋಲ್ ನಿಂತಿದ್ದರೆ ಮುಳ್ಳು ಎಂಜಿನ್ ತಿರುಗುವಷ್ಟನ್ನು ತೋರಿಸಲೇಬೇಕಿತ್ತು. ನಿಮ್ಮದು ಕೇಬಲ್ ಮುಳ್ಳೋ, ವೈರ್ ಮುಳ್ಳೋ?

ಸಂಜೆಸವಾರ | ಶನಿವಾರ, ಮಧ್ಯಾಹ್ನ 1:30
ವೈರ್.

ಕಿಡಿ | ಶನಿವಾರ, ಮಧ್ಯಾಹ್ನ 1:41
ಹಾಗಾದರೆ ಮುಳ್ಳೂ ಕಿಡಿಯೂ ಒಂದೇ ಕಡೆಯಿಂದ, ಅಂದರೆ ಸಿಡಿಐ ಎಂಬ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ ನಡೆಯುತ್ತವೆ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಅದಕ್ಕೆ ತಲುಪುತ್ತಿಲ್ಲ, ಇಲ್ಲವೇ ಸಿಡಿಐ ಪೆಟ್ಟಿಗೆಯೇ ಮಲಗುತ್ತಿದೆ. ನನ್ನ ಅನುಮಾನ ಆ ಸುದ್ದಿ ಕಳಿಸುವ, ಮ್ಯಾಗ್ನೆಟ್ ಪಕ್ಕದ ಪಲ್ಸರ್ ಕಾಯಿಲ್ ಮೇಲೆ. ಒಳಗಿನ ಕೂದಲೆಳೆಯಂಥ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಮಲ್ಟಿಮೀಟರ್ ಜೇಬಿನಲ್ಲಿಟ್ಟುಕೊಳ್ಳಿ. ನಿಂತ ಕೂಡಲೇ ಸೈಡ್ ಪ್ಯಾನಲ್ ತೆರೆದು, ಪಲ್ಸರ್ ವೈರಿನ ಕನೆಕ್ಟರ್ ಕಳಚಿ ಓಮ್ ಅಳೆಯಿರಿ. ತಣ್ಣಗಿದ್ದಾಗ ಎಷ್ಟಿತ್ತು ಎಂಬುದೂ ಬೇಕು. ಬಿಸಿಯಲ್ಲಿ ಮೀಟರ್ ಅನಂತ ತೋರಿಸಿದರೆ ಕಾಯಿಲ್ ಹೋಗಿದೆ.

ಹಳೆಯ ಪಿಸ್ಟನ್ | ಶನಿವಾರ, ಮಧ್ಯಾಹ್ನ 2:00
ಶಾಖ ಎಂದರೆ ವೇಪರ್ ಲಾಕ್ (ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ಕಟ್ಟುವುದು) ಕೂಡ ಆಗಬಹುದು. ಪೆಟ್ರೋಲ್ ಪೈಪ್ ಎಂಜಿನ್‌ಗೆ ತಾಗಿಕೊಂಡಿದೆಯೇ ನೋಡಿ.

ಎಣ್ಣೆಡಬ್ಬಿ | ಶನಿವಾರ, ಮಧ್ಯಾಹ್ನ 2:20
ಶಾಖ ಎಂದು ಮೊದಲ ದಿನವೇ ಹೇಳಿದವನು ನಾನು. ನನ್ನ ಮಾತನ್ನು ಬೇರೆ ಎಳೆಗೆ ಸಾಗಹಾಕಿದಿರಿ.

(ಇಲ್ಲಿಂದ ಹದಿನಾರು ದಿನ ಯಾರೂ ಏನೂ ಬರೆದಿಲ್ಲ.)

ಕಾಲುಗೇರ್ | ಸೋಮವಾರ, ಸಂಜೆ 6:30
ಸಂಜೆಸವಾರರೇ, ಬದುಕಿದ್ದೀರಾ? ಬೈಕ್ ಸರಿಹೋದ ಮೇಲೆ ಇಲ್ಲಿಗೆ ಬರದೇ ಇರುವವರ ಪಟ್ಟಿಗೆ ನೀವೂ ಸೇರಿದಿರಾ?

ಸಂಜೆಸವಾರ | ಸೋಮವಾರ, ರಾತ್ರಿ 9:45
ಕ್ಷಮಿಸಿ. ಮೀಟರ್ ತರಿಸಿಕೊಂಡು, ಕೈಪಿಡಿ ಹುಡುಕಿ, ಧೈರ್ಯ ಮಾಡುವಷ್ಟರಲ್ಲಿ ಇಷ್ಟು ದಿನವಾಯಿತು. ತಣ್ಣಗಿದ್ದಾಗ 212 ಓಮ್ ಬಂದಿತು, ಕೈಪಿಡಿಯ ಮಿತಿಯೊಳಗೇ ಇದೆ. ರಸ್ತೆಯಲ್ಲಿ ನಿಂತಾಗ ಅಳೆದರೆ 4 ಓಮ್! ಮೀಟರ್ ಕೆಟ್ಟಿತೇನೋ ಎಂದು ಬೇರೆ ತಂತಿಗಳನ್ನೂ ಅಳೆದೆ, ಮೀಟರ್ ಸರಿಯಾಗಿದೆ. ಕುಳಿತಲ್ಲೇ ನೋಡುತ್ತಿದ್ದೆ. ಹನ್ನೆರಡು ನಿಮಿಷದ ಮೇಲೆ ಅಂಕಿ ಒಮ್ಮೆ ಕುಣಿದು ಮತ್ತೆ ಇನ್ನೂರರ ಮೇಲಕ್ಕೆ ಹಾರಿತು. ಕನೆಕ್ಟರ್ ಸಿಕ್ಕಿಸಿ ಕಿಕ್ ಹೊಡೆದೆ, ಸ್ಟಾರ್ಟ್. ಕಿಡಿಯವರೇ, ಅನಂತ ಬರಲಿಲ್ಲವಲ್ಲ, ಈಗ ಇದಕ್ಕೇನು ಅರ್ಥ?

ಕಿಡಿ | ಸೋಮವಾರ, ರಾತ್ರಿ 10:03
ನನ್ನ ಊಹೆ ತಪ್ಪು ಎಂದು ಅರ್ಥ. ತಂತಿ ಬಿಟ್ಟುಕೊಳ್ಳುತ್ತಿಲ್ಲ, ಎಲ್ಲೋ ಮೈಗೆ ತಾಗುತ್ತಿದೆ. ಕಾಯಿಲ್‌ನ ಒಂದು ತುದಿ ಹೇಗೂ ಎಂಜಿನ್ ಮೈಗೇ ಸೇರಿರುತ್ತದೆ. ಇನ್ನೊಂದು ತುದಿಯ ವೈರ್ ಕೂಡ ಎಂಜಿನ್ ಲೋಹಕ್ಕೆ ತಾಗಿದರೆ ಸಿಡಿಐಗೆ ಹೋಗಬೇಕಾದ ಸಂಕೇತ ಅಲ್ಲೇ ನೆಲ ಸೇರುತ್ತದೆ. ಒಂದು ಪ್ರಶ್ನೆ. ಎಡಗಡೆಯ ಮ್ಯಾಗ್ನೆಟ್ ಕವರನ್ನು ಯಾರಾದರೂ ಇತ್ತೀಚೆಗೆ ತೆರೆದಿದ್ದರೇ?

ಸಂಜೆಸವಾರ | ಸೋಮವಾರ, ರಾತ್ರಿ 10:10
ಹೌದು, ಎರಡು ತಿಂಗಳ ಹಿಂದೆ. ಅಲ್ಲಿ ಎಣ್ಣೆ ಜಿನುಗುತ್ತಿತ್ತು, ಗ್ಯಾಸ್ಕೆಟ್ ಬದಲಿಸಲಾಯಿತು. ಎಣ್ಣೆ ಸೋರುವುದಕ್ಕೂ ಬೈಕ್ ನಿಲ್ಲುವುದಕ್ಕೂ ಏನು ಸಂಬಂಧ ಎಂದು ಬರೆಯಲಿಲ್ಲ.

ಕಾಲುಗೇರ್ | ಸೋಮವಾರ, ರಾತ್ರಿ 10:12
ಅಯ್ಯೋ ದೇವರೇ.

ಕಿಡಿ | ಸೋಮವಾರ, ರಾತ್ರಿ 10:20
ಕವರ್ ತೆರೆಯಿರಿ. ವೈರ್‌ಗಳು ಹೊರಬರುವಲ್ಲಿ ಒಂದು ರಬ್ಬರ್ ಬಿರಡೆ ಇರುತ್ತದೆ. ಅದು ತನ್ನ ಗೂಡಿನಲ್ಲಿ ಕೂತಿದೆಯೇ, ವೈರ್ ಕವರಿನ ಅಂಚಿಗೆ ಸಿಕ್ಕಿ ಜಜ್ಜಿದೆಯೇ ನೋಡಿ.

ಸಂಜೆಸವಾರ | ಬುಧವಾರ, ರಾತ್ರಿ 7:55
ಬಿರಡೆ ಅರ್ಧ ಹೊರಗಿತ್ತು. ಪಲ್ಸರ್ ವೈರ್ ಕವರಿಗೂ ಎಂಜಿನ್‌ಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು, ಸಿಪ್ಪೆ ಸೀಳಿ ತಾಮ್ರದ ಒಂದೆರಡು ಎಳೆ ಕಾಣುತ್ತಿತ್ತು. ಬಿಸಿ ಎಣ್ಣೆಗೆ ಸಿಪ್ಪೆ ಮೆತ್ತಗಾದಾಗ ಆ ಎಳೆಗಳು ಲೋಹಕ್ಕೆ ತಾಗುತ್ತಿದ್ದವು. ಜಜ್ಜಿದ ಭಾಗ ಕತ್ತರಿಸಿ ಬೆಸೆದು, ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ, ಬಿರಡೆ ಸರಿಯಾಗಿ ಕೂರಿಸಿದೆ. ನಿನ್ನೆ ಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಸುತ್ತು, ಇಂದು ಸಂಜೆ ಮೂರು ಸುತ್ತು, 66 ಕಿಲೋಮೀಟರ್. ಒಮ್ಮೆಯೂ ನಿಲ್ಲಲಿಲ್ಲ. ಆ ತಿರುವಿನ ಮರಕ್ಕೆ ಹಾರ್ನ್ ಹೊಡೆದು ಬಂದೆ.

ಹಳೆಯ ಪಿಸ್ಟನ್ | ಬುಧವಾರ, ರಾತ್ರಿ 8:04
ಸಂತೋಷ. ಆದರೂ ಆ ಹಳೆಯ ಮುಚ್ಚಳದ ರಂಧ್ರ ಕಟ್ಟಿಕೊಂಡೇ ಇತ್ತು, ಅದನ್ನು ಮರೆಯಬೇಡಿ.

ಎಣ್ಣೆಡಬ್ಬಿ | ಬುಧವಾರ, ರಾತ್ರಿ 8:11
ಕವರ್ ತೆರೆದಾಗ ಎಣ್ಣೆ ಇಳಿದಿರುತ್ತದೆ. ಮತ್ತೆ ಯಾವುದು ತುಂಬಿದಿರಿ?

ಕಿಡಿ | ಬುಧವಾರ, ರಾತ್ರಿ 8:15
ಗ್ಯಾಸ್ಕೆಟ್ ಹೊಸದು ಹಾಕಿದಿರಿ ತಾನೇ?

ಸಂಜೆಸವಾರ | ಬುಧವಾರ, ರಾತ್ರಿ 8:32
ಹಳೆಯದು ನೋಡಲು ಚೆನ್ನಾಗಿಯೇ ಇತ್ತು, ಅದನ್ನೇ ಹಾಕಿದೆ. ಈಗ ನೀವು ಕೇಳಿದ ಮೇಲೆ ಟಾರ್ಚ್ ಹಿಡಿದು ನೋಡಿ ಬಂದೆ. ಬೈಕಿನ ಕೆಳಗೆ ನೆಲದ ಮೇಲೆ ಮೂರು ಹನಿ ಬಿದ್ದಿದೆ.