ಅಪ್ಪನ ಲೈಪೇಸ್ 148, ಎಸ್‌ಜಿಪಿಟಿ 12: ಅನುಭವ ಇದ್ದವರು ತಿಳಿಸಿ

ಚಿಂತಾಮಣಿಯಿಂದ ಕೇಳುತ್ತಿದ್ದೇನೆ. ಅಪ್ಪನಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತಿದೆ. ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ 4.6, ಮೇದೋಜೀರಕಾಂಗದ ಕಿಣ್ವ ಲೈಪೇಸ್ 148 (ಮಿತಿ 60). ಹೊಟ್ಟೆನೋವಿಲ್ಲ. ಒಬ್ಬ ವೈದ್ಯರು ಮೇದೋಜೀರಕಾಂಗದ ಊತ ಇರಬಹುದು, ದಾಖಲಾಗಿ ಎನ್ನುತ್ತಾರೆ. ಲಿವರ್‌ಗೆ ಪೆಟ್ಟಾದರೆ ರಕ್ತಕ್ಕೆ ಸೋರುವ ಕಿಣ್ವ ಎಸ್‌ಜಿಪಿಟಿ 12 ಇರುವುದರಿಂದ ಲಿವರ್ ಚೆನ್ನಾಗಿದೆಯಂತೆ. ಏನು ಮಾಡಲಿ?

ಮುಳಬಾಗಿಲಿನಿಂದ:
ಇಂಥದ್ದೇ ಸಂಖ್ಯೆ ನೋಡಿ ನಮ್ಮ ಅಮ್ಮನನ್ನು ನಾಲ್ಕು ದಿನ ಉಪವಾಸ ಮಲಗಿಸಿದರು. ಹಾಸಿಗೆಗೆ ದಿನಕ್ಕೆ 3,200, ಸ್ಕ್ಯಾನ್ 6,500, ಔಷಧಿ 11,840. ಆ ಸಲದ ಟೊಮೆಟೊ ದುಡ್ಡೆಲ್ಲ ಅಲ್ಲೇ ಕರಗಿತು. ಮೂತ್ರವೇ ಸರಿಯಾಗಿ ಹೋಗದವರಿಗೆ ಸಲೈನ್ ಏರಿಸಿದರು. ಮೂರನೆಯ ದಿನ ಕೈ ಊದಿ, ಮದುವೆಯಲ್ಲಿ ತೊಡಿಸಿದ ಬಳೆಯನ್ನು ಕತ್ತರಿಸಿ ತೆಗೆಯಬೇಕಾಯಿತು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಕಿಡ್ನಿ ಸೋತರೆ ಜೀರ್ಣಕ್ಕೆ ಬೇಕಾದ ಕಿಣ್ವಗಳಾದ ಅಮೈಲೇಸ್, ಲೈಪೇಸ್ ರಕ್ತದಲ್ಲೇ ಉಳಿದು ಎರಡು ಮೂರು ಪಟ್ಟು ಏರಬಹುದು ಎಂದು ಆಮೇಲೆ ಕಿಡ್ನಿ ವೈದ್ಯರು ಹೇಳಿದರು. ದಾಖಲು ಮಾಡಬೇಡಿ.

ಗೌರಿಬಿದನೂರಿನಿಂದ:
ಹೀಗೆ ಹೇಳುವವರಿಂದಲೇ ನನ್ನ ಅಣ್ಣ ಹೋದ. ಅವನಿಗೂ ಕಿಡ್ನಿ ತೊಂದರೆಯಿತ್ತು. ಬೆನ್ನಿಗೆ ಇರಿದಂತೆ ನೋವು ಬಂದರೂ ‘ಕಿಡ್ನಿಯವರಿಗೆ ಲೈಪೇಸ್ ಏರುವುದು ಮಾಮೂಲು’ ಎಂದು ಎರಡು ರಾತ್ರಿ ಮನೆಯಲ್ಲೇ ಇಟ್ಟುಕೊಂಡೆವು. ಅದು ನಿಜವಾದ ಊತವೇ ಆಗಿತ್ತು. ನಿಮ್ಮ ತಾಯಿಗೆ ಏನೂ ಇಲ್ಲವೆಂದು ಗೊತ್ತಾದದ್ದು ಸ್ಕ್ಯಾನ್ ಮಾಡಿಸಿದ ಮೇಲಲ್ಲವೇ?

ತಿಪಟೂರಿನಿಂದ:
ಲೈಪೇಸ್ ಬಿಡಿ, ಆ 12ರ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ನನ್ನ ಯಜಮಾನರಿಗೆ ವಾರಕ್ಕೆ ಮೂರು ಡಯಾಲಿಸಿಸ್. ಎಸ್‌ಜಿಪಿಟಿ 20 ದಾಟಿದ್ದೇ ಇಲ್ಲ. ಪ್ರತಿ ತಿಂಗಳು ಆ ಸಾಲನ್ನು ಬೆರಳಿಟ್ಟು ಓದಿ ಸಮಾಧಾನಪಡುತ್ತಿದ್ದೆ. ಕೊನೆಗೆ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ ಸಿಕ್ಕಿತು. ಕಿಡ್ನಿ ರೋಗಿಗಳಲ್ಲಿ ಈ ಕಿಣ್ವ ಮೊದಲೇ ತಗ್ಗಿರುತ್ತದೆ. ಬಿ6 ಜೀವಸತ್ವದ ಕೊರತೆಯೂ ಒಂದು ಕಾರಣವಂತೆ. ಸರ್ಕಾರಿ ಆಸ್ಪತ್ರೆಯಲ್ಲಿ 12 ವಾರ ಉಚಿತ ಮಾತ್ರೆ ಕೊಟ್ಟರು, ವೈರಸ್ ಹೋಯಿತು. ಗೊತ್ತಾಗದೆ ಹೋದ ಎರಡು ವರ್ಷ ಬರುವುದಿಲ್ಲ.

ಶಿರಾದಿಂದ:
ಲಿವರ್, ಮೂಳೆ ಎರಡರಿಂದಲೂ ಬರುವ ಕಿಣ್ವ ಎಎಲ್‌ಪಿ ನನ್ನದು 410. ಲಿವರ್ ಎಂದು ಹೆದರಿಸಿ ಬೆಂಗಳೂರಿಗೆ ಐದು ಸಲ ಅಲೆಸಿದರು. ಲಿವರ್‌ನ ಇನ್ನೊಂದು ಕಿಣ್ವ ಜಿಜಿಟಿ ಸರಿಯಿತ್ತು, ಕುತ್ತಿಗೆಯ ಗ್ರಂಥಿಯ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ ಮೂಳೆಯಿಂದ ಬರುತ್ತಿದ್ದ ಎಎಲ್‌ಪಿ ಅದು. ನಡುವೆ ನಾಟಿ ಔಷಧಿ ಕುಡಿದೆ, ಎಸ್‌ಜಿಪಿಟಿ ಇಳಿಯಿತು.

ತುಮಕೂರಿನಿಂದ:
ದಯವಿಟ್ಟು ಆ ಮಾತು ಇಲ್ಲಿ ಬೇಡ. ನಮ್ಮ ತಂದೆಯೂ ಎರಡು ವರ್ಷ ಸೊಪ್ಪಿನ ರಸ ಕುಡಿದರು. ಎಸ್‌ಜಿಪಿಟಿ 28ಕ್ಕೆ ಇಳಿದಾಗ ಊರಿಗೆಲ್ಲ ಸಿಹಿ ಹಂಚಿದೆವು. ಲಿವರ್ ಗಂಟುಗಟ್ಟಿ, ಕಿಣ್ವ ಸೋರಲು ಜೀವಕೋಶಗಳೇ ಉಳಿದಿರಲಿಲ್ಲ. ಲಿವರ್ ತಯಾರಿಸುವ ಪ್ರೋಟೀನ್ ಅಲ್ಬುಮಿನ್ 2.1ಕ್ಕೆ ಇಳಿದಿತ್ತು, ಹೊಟ್ಟೆಯಲ್ಲಿ ನೀರು.

ಶಿರಾದಿಂದ:
ನಾನು ಕುಡಿದದ್ದು ಎರಡೇ ವಾರ. ನಿಮ್ಮ ತಂದೆಯ ಲಿವರಿಗೆ ನನ್ನನ್ನು ಹೊಣೆ ಮಾಡಬೇಡಿ.

ಮುಳಬಾಗಿಲಿನಿಂದ:
ಗೌರಿಬಿದನೂರಿನವರೇ, ನಿಮ್ಮ ಅಣ್ಣನಿಗೆ ನೋವಿತ್ತು. ನಮ್ಮ ಅಮ್ಮನಿಗೆ ಇರಲಿಲ್ಲ, ಇವರ ತಂದೆಗೂ ಇಲ್ಲ. ಆ ವ್ಯತ್ಯಾಸವನ್ನು ಕೇಳಿದವರು ಒಬ್ಬರಾದರೂ ಇದ್ದಿದ್ದರೆ ಬಳೆ ಉಳಿಯುತ್ತಿತ್ತು.

ಗೌರಿಬಿದನೂರಿನಿಂದ:
ಬಳೆಯನ್ನು ಮತ್ತೆ ಮಾಡಿಸಬಹುದು.